ಅಂಬಲಿ ಕುಡಿಯದ ಹುರಿ

ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಒಂದು ಶ್ರಾವಣದ ಕೊನೆಗೆ ನನಗೊಂದು ಕಾರ್ಡು ಬಂತು. ಕರಾವಳಿಯಲ್ಲಿ ಹೊಳೆಯೊಂದು ಕಡಲು ಸೇರುವ ಅಳಿವೆಯ ದಂಡೆಯ ಪುಟ್ಟ ಊರಿನಿಂದ, ಅಲ್ಲಿನ ಬಲೆಯ ಯಜಮಾನರು ಯಾರ ಕೈಯಲ್ಲೋ ಬರೆಸಿದ್ದು. "ನೀವು ಕಳಿಸಿದ ಸೆಣಬಿನ ಹುರಿಯ ಬಲೆ ನೀರಿಗೆ ತಾಳುತ್ತಿಲ್ಲ. ಉಳಿದ ಹುರಿ ತೆಗೆದುಕೊಂಡು ತಾವೇ ಬಂದು ನೋಡತಕ್ಕದ್ದು. ಬಂಗುಡೆ ಬರುವ ಕಾಲ ಹತ್ತಿರವಾಯಿತು." ಅಷ್ಟೇ. ಬೈಗುಳ ಇರಲಿಲ್ಲ. ಬೈದಿದ್ದರೆ ನಾನೂ ಒಂದು ಕಾರ್ಡು ಬರೆದು ಸುಮ್ಮನಾಗುತ್ತಿದ್ದೆನೋ ಏನೋ.

ಆ ಹೊತ್ತಿಗೆ ನನ್ನ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ವೈಶಾಖದಲ್ಲಿ ಹಿಡಿದ ಜ್ವರ ಬಿಟ್ಟು ಬಿಟ್ಟು ಬಂದು ಆಷಾಢದ ಮೊದಲ ವಾರ ಅವಳನ್ನು ಕರೆದುಕೊಂಡೇ ಹೋಯಿತು. ನಾನು ಕೆಲಸ ಬಿಟ್ಟು ಜಗಲಿಯ ಮೇಲೆ ಕೂತಿರುತ್ತಿದ್ದೆ. ಮಲ್ಲಿಪಟ್ಟಣದ ಕಡೆಯಿಂದ ಮಣ್ಣಿಗೆ ಬಂದ ಮಾವ ಊರಿಗೆ ಹಿಂತಿರುಗದೆ ನಮ್ಮಲ್ಲೇ ಉಳಿದಿದ್ದ. ಅವನು ನನ್ನ ತಾಯಿಯ ತಮ್ಮ, ಹೆಂಡತಿಯ ಅಪ್ಪ. ಹುಟ್ಟಿನಿಂದ ಮಾವ, ಮದುವೆಯಿಂದ ಇನ್ನೊಮ್ಮೆ ಮಾವ. ಕಾರ್ಡನ್ನು ಓದಿ ಹೇಳಿದೆ.

"ನಮ್ಮ ಉರಿ ನೀರ್ಗೆ ತಾಳಲ್ವಂತಾ? ನೀರ್ನಾಗೇ ಕೊಳೆ ಆಕಿ ತೆಗ್ದಿರೋ ನಾರು ಕಣ್ಲಾ ಅದು" ಎಂದು ಎದ್ದು ಕೂತ. "ನಡಿ, ನಾನೂ ಬತ್ತೀನಿ. ಅದೆಂಗೆ ಬಲೆ ಆಕವ್ರೋ ನೋಡೇಬುಡಾನ."

ಹಿಂದಿನ ವರ್ಷ ಕೊಣನೂರು ಸಂತೆಯಲ್ಲಿ ಆ ಯಜಮಾನರ ಕಡೆಯವರೊಬ್ಬರು ನಮಗೆ ಸಿಕ್ಕಿದ್ದರು. ಯುದ್ಧದಿಂದ ಪರದೇಶದ ನೂಲು ಬರುವುದು ನಿಂತು, ಬಲೆಗೆ ಸೆಣಬಿನ ಹುರಿ ಹುಡುಕಿಕೊಂಡು ಘಟ್ಟ ಹತ್ತಿ ಬಂದಿದ್ದರು. ನಮ್ಮ ಹುರಿಯನ್ನು ಎಳೆದು ನೋಡಿ ಒಪ್ಪಿ, ಅರ್ಧವನ್ನು ಯುಗಾದಿಗೂ ಉಳಿದರ್ಧವನ್ನು ಮಳೆಗಾಲದ ನಂತರವೂ ಕಳಿಸಲು ಹೇಳಿ ಹೋಗಿದ್ದರು. ಅದುವರೆಗೆ ನಾವು ಹೊಸೆದದ್ದೆಲ್ಲ ಎತ್ತಿನ ಕಣ್ಣಿ, ಮೂಗುದಾರ, ಬಾವಿಯ ಹಗ್ಗ. ಬಲೆಯ ಕೆಲಸ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಹುರಿಯಾಗುವ ಬಗೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸೆಣಬನ್ನು ಕಾಯಿ ಕಟ್ಟುವ ಹೊತ್ತಿಗೆ ಕುಯ್ದು, ಎಲೆ ಉದುರಿಸಿ, ಕಟ್ಟೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತೇವೆ. ದಿನವೂ ಒಂದು ಕಡ್ಡಿ ಮುರಿದು ನೋಡಬೇಕು. ಒಂದು ದಿನ ಮೊದಲೇ ತೆಗೆದರೆ ನಾರಿನಲ್ಲಿ ಸಿಪ್ಪೆ ಉಳಿಯುತ್ತದೆ, ಒಂದು ದಿನ ತಡವಾದರೆ ನಾರೇ ಕೊಳೆಯುತ್ತದೆ. ಆಮೇಲೆ ಸುಲಿದು, ಬಡಿದು, ಒಣಗಿಸಿ, ಕದಿರಿನಲ್ಲಿ ಎಳೆ ತೆಗೆದು, ಮೂರೆಳೆ ಸೇರಿಸಿ ಹೊಸೆಯುವುದು. ಕೊನೆಯದು ಅಂಬಲಿ ಕುಡಿಸುವುದು. ತೆಳ್ಳಗೆ ಕಾಯಿಸಿದ ರಾಗಿ ಅಂಬಲಿಯಲ್ಲಿ ಹುರಿಯನ್ನು ನೆನೆಸಿ, ಎರಡು ಗೂಟಗಳ ನಡುವೆ ಬಿಗಿದು, ತೆಂಗಿನಕಾಯಿಯ ಸಿಪ್ಪೆಯಿಂದ ಉಜ್ಜುತ್ತ ಆ ಗೂಟದಿಂದ ಈ ಗೂಟಕ್ಕೆ ನಡೆಯಬೇಕು. ಎದ್ದಿದ್ದ ರೋಮವೆಲ್ಲ ಕೂತು, ಒಣಗಿದ ಮೇಲೆ ಹುರಿ ಹೊಳೆಯುತ್ತದೆ. ನಮ್ಮ ಕಡೆ ಸಂತೆಗೆ ಬಂದವರು ಹುರಿಯನ್ನು ಎಳೆದು ನೋಡುವ ಮೊದಲು ಕೆನ್ನೆಗೆ ಒತ್ತಿ ನೋಡುತ್ತಾರೆ.

ಬಡಿಯುವುದು, ಹೊಸೆಯುವುದು ಮನೆಯವರೆಲ್ಲ ಮಾಡುತ್ತಿದ್ದೆವು. ಅಂಬಲಿ ಕುಡಿಸುವುದು ಮಾತ್ರ ಅವಳದು. ಅಪ್ಪನಿಂದ ಕಲಿತು ಅಪ್ಪನನ್ನು ಮೀರಿಸಿದ್ದಳು. ಇದನ್ನು ಅವನೇ ಹತ್ತು ಜನರ ಮುಂದೆ ಹೇಳುತ್ತಿದ್ದ.

ಎರಡನೆಯ ಕಂತಿನ ಹುರಿಯನ್ನು ಮೂಟೆ ಕಟ್ಟುವಾಗ, ಜ್ವರ ಬಿಟ್ಟ ದಿನಗಳಲ್ಲಿ ಅವಳು ಗೋಡೆಗೊರಗಿ ಕೂತು ಹೊಸೆದಿದ್ದ ಇಪ್ಪತ್ತೆರಡು ಲಡಿಗಳು ಬೇರೆಯಾಗಿ ಕಂಡವು. ಅವಕ್ಕೆ ಅಂಬಲಿ ಬಿದ್ದಿರಲಿಲ್ಲ. ಗೂಟಗಳ ನಡುವೆ ನಡೆಯುವ ತ್ರಾಣ ಅವಳಿಗಿರಲಿಲ್ಲ. ಬೂದುಬಣ್ಣದ, ರೋಮ ಎದ್ದ, ಒರಟು ಹುರಿ. ಮಾವ ಅವನ್ನು ಮೂಟೆಗೆ ಸೇರಿಸಲು ಬಂದಾಗ ಕಿತ್ತುಕೊಂಡು ನನ್ನ ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ. ಕೊಡುವ ಯೋಚನೆ ನನಗಿರಲಿಲ್ಲ. ಮನೆಯಲ್ಲಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ, ಅಷ್ಟೆ.

ಹಾಸನದಿಂದ ಇದ್ದಲ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಾಗಲೆಲ್ಲ ಇಳಿದು ನಡೆದೆವು. ಘಟ್ಟ ಇಳಿದು ಮಂಗಳೂರು, ಅಲ್ಲಿಂದ ಬಡಗಣ ದಾರಿ. ಹೊಳೆ ಅಡ್ಡ ಬಂದಲ್ಲೆಲ್ಲ ಬಸ್ಸಿಳಿದು ಮೂಟೆ ಹೊತ್ತು ದೋಣಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತುವುದು. ಮೂರನೆಯ ದಿನ ಮಧ್ಯಾಹ್ನ ಕೊನೆಯ ದೋಣಿ ನಮ್ಮನ್ನು ಆ ಊರಿಗೆ ಇಳಿಸಿತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದನೆಯ ಮರಳ ಪಟ್ಟಿ. ಅದರ ಮೇಲೆ ತೆಂಗಿನ ಮಡಲು ಹೊದಿಸಿದ ಹದಿನೆಂಟು ಮನೆ. ಹೊಳೆಯ ಅಂಚಿಗೆ ಕಾಂಡ್ಲ ಗಿಡಗಳು ಬೇರುಗಳನ್ನು ಕೆಸರಿನ ಮೇಲೆ ಎತ್ತಿಕೊಂಡು ನಿಂತಿದ್ದವು. ಮಾವ ಮೂಟೆ ಇಳಿಸಿ ಕಡಲನ್ನು ಬಹಳ ಹೊತ್ತು ನೋಡಿದ.

"ಇಷ್ಟ್ ದೊಡ್ ಕೆರೆಗೆ ಏರಿ ಎಲ್ಲದ್ಲಾ?"

ದೋಣಿಯವನು ಹುಟ್ಟು ಬಿಟ್ಟು ನಕ್ಕ. ಮಾವನಿಗೂ ನಗು ಬಂತು. ಆಷಾಢದಿಂದೀಚೆ ಅವನು ನಕ್ಕದ್ದು ನಾನು ಕಂಡಿರಲಿಲ್ಲ.

ಬಲೆಯ ಯಜಮಾನರು ನನ್ನ ವಯಸ್ಸಿನವರು, ಮಾತು ಕಡಿಮೆ. ಬಲೆಯ ಕಾರುಬಾರೆಲ್ಲ ಅವರ ಅಕ್ಕನದು. ಅರುವತ್ತು ದಾಟಿದ ವಿಧವೆ. ಊರಿಗೆಲ್ಲ ಆಕೆ ಅಕ್ಕ, ನಾವೂ ಹಾಗೇ ಕರೆದೆವು. ಬೆಲ್ಲ ನೀರು ಕೊಟ್ಟು, ಕುಡಿದು ಮುಗಿಸುವವರೆಗೆ ಕಾದು, ಚಪ್ಪರದಡಿ ಹರಡಿದ್ದ ಬಲೆಯ ಮುಂದೆ ನಮ್ಮನ್ನು ನಿಲ್ಲಿಸಿದರು.

"ಮಳ್ಗಾಲ ಇಡೀ ಹೆಣ್ದದ್ದ್. ಹದಿನೆಂಟ್ ಮನಿ ಹೆಂಗ್ಸ್ರ್ ಕೂಕಂಡ್ ಹೆಣ್ದದ್ದ್. ನೀರಿಗ್ ಹಾಕಿ ಮೂರೇ ದಿನ. ಕಾಣಿ."

ಅಲ್ಲಲ್ಲಿ ಬಲೆಯ ಕಣ್ಣುಗಳು ಕಡಿದುಹೋಗಿದ್ದವು. ಉಳಿದ ಹುರಿ ಮುಟ್ಟಿದರೆ ಲೋಳೆ. ಅಲ್ಲಿಯವರು ಹೊಸ ಬಲೆಯನ್ನು ಮತ್ತಿ ಮರದ ಚಕ್ಕೆ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಆ ಚೊಗರು ಒಳಗೆ ಇಳಿದರೆ ಉಪ್ಪುನೀರು ನಾರನ್ನು ತಿನ್ನುವುದಿಲ್ಲ. ಅಕ್ಕ ಒಂದು ಎಳೆಯನ್ನು ಹಲ್ಲಿನಲ್ಲಿ ಕಡಿದು ನನ್ನ ಕಣ್ಣಿನ ಹತ್ತಿರ ಹಿಡಿದರು.

"ಹೊರ್ಗ್ ಕೆಂಪ್. ಒಳ್ಗ್ ಬೆಳಿ. ಚೊಗರ್ ಒಳ್ಗ್ ಇಳಿಲೇ ಇಲ್ಲ. ಎಂತಕೆ?"

ನನಗೆ ಆ ಕ್ಷಣವೇ ತಿಳಿಯಿತು. ಅಂಬಲಿ ಕುಡಿದ ಹುರಿ ಇನ್ನೇನನ್ನೂ ಕುಡಿಯುವುದಿಲ್ಲ. ಎತ್ತಿನ ಕಣ್ಣಿ ಮಳೆಯಲ್ಲಿ ಬೇಗ ನೆನೆಯಬಾರದೆಂದೇ ನಾವು ಅದನ್ನು ಹಚ್ಚುವುದು. ತಿಳಿದರೂ ಬಾಯಿ ಬರಲಿಲ್ಲ. ಪಕ್ಕದಲ್ಲಿ ಮಾವ ನಿಂತಿದ್ದ.

"ನಿಮ್ ಚಕ್ಕೆ ಸರಿಯಾಗಿ ಕುದ್ದಿಲ್ಲ ಕಣಕ್ಕ" ಎಂದ ಅವನು. "ಬಣ್ಣ ಆಕೋರ್ ಕೈನಾಗೆ ತೆಪ್ಪು ಆಗೈತೆ. ಉರಿನಾಗಲ್ಲ."

"ನನ್ನಜ್ಜನ ಕಾಲ್ದಿಂದ ಕುದ್ಸ್ತಾ ಇದ್ದ್" ಎಂದರು ಯಜಮಾನರು. "ನಿಮ್ಮನ್ನ್ ನಂಬಿ ಹಳೇ ಬಲೆ ಕಡ್ದ್ ಹಗ್ಗ ಮಾಡ್ಕಂಡಾಯ್ತ್. ನವರಾತ್ರಿ ಒಳ್ಗ್ ಬಂಗ್ಡಿ ಬಂದ್ರೆ ಈ ಹದಿನೆಂಟ್ ಮನಿ ಎಂತ ಮಾಡೂದ್, ಹೇಳಿ."

ಅಕ್ಕ ಜಗಳಕ್ಕೆ ಬರಲಿಲ್ಲ. ನಮ್ಮ ಹೊಸ ಮೂಟೆ ಬಿಚ್ಚಿ ಒಂದು ಲಡಿಯನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದರು. "ಕೈ ಮಾತ್ರ ಲಾಯ್ಕ್. ಒಂದೇ ಸಮ. ಯಾರ್ ಹೊಸ್ದದ್ದ್?"

"ಹೆಚ್ಚಿನದು ನನ್ನ ಹೆಂಡತಿ" ಎಂದೆ.

"ಅವ್ರನ್ನೂ ಕರ್ಕಂಡ್ ಬಪ್ಪುದಲ್ದಾ? ಕಡಲ್ ಕಾಂತಿದ್ರ್."

ನಾನು ಮಾವನನ್ನು ನೋಡಿದೆ. ಅವನು ಹೊಳೆಯ ಕಡೆ ನೋಡುತ್ತಿದ್ದ. ಹೀಗೆ ಸದ್ಯಕ್ಕೆ ಆ ಊರಿನವರ ಪಾಲಿಗೆ ಅವಳು ಮನೆಯಲ್ಲಿ ಒಲೆಯ ಮುಂದೆ ಇದ್ದವಳಾಗಿಯೇ ಉಳಿದಳು.

ಮಾರನೆಯ ಬೆಳಿಗ್ಗೆ ಮಾವ ಹೊಳೆಯಲ್ಲಿ ಮುಖ ತೊಳೆಯುತ್ತಿದ್ದ. ಆ ಅಳಿವೆಯಲ್ಲಿ ಇಳಿತದ ಹೊತ್ತು ನೀರು ಸಪ್ಪೆ, ಭರತದ ಹೊತ್ತು ಉಪ್ಪು. ಅದನ್ನು ಅವನು ಹಿಂದಿನ ದಿನವೇ ಎರಡು ಸಲ ಕುಡಿದು ನೋಡಿ ಕಂಡುಕೊಂಡಿದ್ದ. "ಈಗ ಸಪ್ಪೆ, ಆಮ್ಯಾಕೆ ಉಪ್ಪು. ಥೇಟು ನಿಮ್ಮತ್ತೆ ಮಾಡೋ ಸಾರು ಕಣ್ಲಾ" ಎಂದ. ಆ ನಗುವಿನಲ್ಲೇ ಹೇಳಿಬಿಡೋಣವೆಂದುಕೊಂಡೆ.

"ಮಾವ, ಚಕ್ಕೆದಲ್ಲ ತೆಪ್ಪು. ನಮ್ಮ ಅಂಬ್ಲಿದು."

ಅವನ ಮುಖದ ನಗು ಹಾಗೇ ನಿಂತುಹೋಯಿತು. "ಏನಂದೆ?"

"ಅಂಬ್ಲಿ ಇರೋ ಕಡೆ ಚೊಗರು ಇಳಿದಿಲ್ಲ. ಮ್ಯಾಲೆ ಮ್ಯಾಲೆ ಅಂಟ್ಕಂಡು ತೊಳ್ದೋಗೈತೆ."

"ಅಂಬ್ಲಿ ಕುಡಿಸ್ದೆ ಇದ್ರೆ ಅದು ಉರೀನೇನ್ಲಾ? ತಲೆ ಕೆದರ್ಕಂಡಿರೋ ದೆವ್ವದಂಗಿರ್ತದೆ." ದನಿ ಏರಿತು. "ನಿಂಗೆ ಇವರತ್ರ ಒಳ್ಳೇವ್ನು ಅನ್ನುಸ್ಕಬೇಕಾಗೈತೆ. ಅದ್ಕೆ ಅವ್ಳ ಕೈ ಕೆಟ್ಟದ್ದು ಅಂತೀಯಾ? ಸತ್ತೋಳ್ ಮ್ಯಾಲೆ ಒರುಸ್ತೀಯೇನ್ಲಾ?"

ಅದೇ ಮಾತನ್ನು ನಾನೂ ಹಿಂದಿನ ದಿನದಿಂದ ನನಗೆ ಹೇಳಿಕೊಳ್ಳುತ್ತಿದ್ದೆ. ಸುಮ್ಮನಿದ್ದುಬಿಟ್ಟರೆ ಅವಳ ಕೆಲಸಕ್ಕೆ ಹೆಸರು ಉಳಿಯುತ್ತದೆ, ಹದಿನೆಂಟು ಮನೆಗೆ ಬಲೆ ಇರುವುದಿಲ್ಲ. "ನಾ ಯೋಳೋದು ಬ್ಯಾಡ, ನೀನ್ ಯೋಳೋದೂ ಬ್ಯಾಡ" ಎಂದೆ. "ನೀರ್ಗಾಕಿ ನೋಡಾನ."

ಪರೀಕ್ಷೆಗೆ ಮೂರು ತುಂಡು ಬೇಕಿತ್ತು. ಅಂಬಲಿಯಿದ್ದದ್ದು ಒಂದು, ಬೂದಿಯ ನೀರಿನಲ್ಲಿ ಕುದಿಸಿ ಅಂಬಲಿ ತೆಗೆದದ್ದು ಒಂದು, ಅಂಬಲಿಯನ್ನೇ ಕಾಣದ್ದು ಒಂದು. ಮೂರನೆಯದು ನನ್ನ ಬಟ್ಟೆಯ ಚೀಲದಲ್ಲಿತ್ತು. ಒಂದು ಲಡಿಯ ಗಂಟು ಬಿಚ್ಚಿ, ಎರಡು ಮೊಳ ಅಳೆದು, ಕತ್ತರಿಸಲು ಬಹಳ ಹೊತ್ತು ತೆಗೆದುಕೊಂಡೆ. ಅಕ್ಕ ನೋಡುತ್ತಿದ್ದರು. ಮೂರನ್ನೂ ಅವರು ಚೊಗರಿನಲ್ಲಿ ಅದ್ದಿ ಒಣಗಿಸಿದರು. ಮೂರಕ್ಕೂ ಬೇರೆ ಬೇರೆ ಗಂಟು ಹಾಕಿ, ಕಲ್ಲು ಕಟ್ಟಿ, ಕಾಂಡ್ಲದ ಗೂಟಕ್ಕೆ ಬಿಗಿದು ಇಳಿಬಿಟ್ಟೆವು. ನಾಲ್ಕು ದಿನದ ಭರತ ಇಳಿತ ಅವುಗಳ ಮೇಲೆ ಹೋಗಿ ಬಂತು. ಆ ನಾಲ್ಕು ದಿನ ಮಾವ ನನ್ನ ಜೊತೆ ಮಾತಾಡಲಿಲ್ಲ. ಕುಚ್ಚಲಕ್ಕಿ ಗಂಜಿಯ ಮುಂದೆ ಕೂತು ಮುದ್ದೆಯನ್ನು ನೆನೆಯುತ್ತ ಅಕ್ಕನ ಜೊತೆ ಮಾತ್ರ ಆಡುತ್ತಿದ್ದ.

ಐದನೆಯ ದಿನ ಇಳಿತದಲ್ಲಿ ಅವನೇ ಮೊಣಕಾಲುದ್ದ ಕೆಸರಿಗಿಳಿದು ಹಗ್ಗ ಎಳೆದ. ಮೊದಲನೆಯ ತುಂಡಿನಲ್ಲಿ ಒಂದು ಏಡಿ ನೇತಾಡುತ್ತಿತ್ತು. ಝಾಡಿಸಿದರೂ ಬಿಡಲಿಲ್ಲ. ಹುರಿಯನ್ನು ಎರಡು ಕೊಂಡಿಗಳಲ್ಲಿ ಹಿಡಿದು ಮೆಲ್ಲುತ್ತಲೇ ಇತ್ತು. ಹುರಿ ಅರ್ಧ ತಿಂದುಹೋಗಿತ್ತು. ಎರಡನೆಯದು ಗಟ್ಟಿಯಾಗಿತ್ತು, ಆದರೆ ಹೊಸೆತ ಸಡಿಲವಾಗಿತ್ತು. ಮೂರನೆಯದು ಹಾಕಿದ ಹಾಗೆಯೇ ಇತ್ತು. ಒಳಗೂ ಹೊರಗೂ ಒಂದೇ ಕೆಂಪು. ಮಾವ ಅದನ್ನು ಎರಡು ಮುಷ್ಟಿಗೆ ಸುತ್ತಿ ಕತ್ತಿನ ನರ ಉಬ್ಬುವವರೆಗೆ ಎಳೆದ. ಕಡಿಯಲಿಲ್ಲ.

ಕೆಸರಿನಲ್ಲೇ ನಿಂತು ಅವನು ಏಡಿಯನ್ನು ಬಹಳ ಹೊತ್ತು ನೋಡಿದ. ಕೊನೆಗೆ, "ಅಂಬ್ಲಿ ಕುಡಿಯಕ್ಕೆ ಬಂದವ್ನೆ ನೋಡ್ಲಾ, ನೆಂಟ" ಎಂದ. ದಡಕ್ಕೆ ಬಂದ ಮೇಲೆ ತಗ್ಗಿದ ದನಿಯಲ್ಲಿ, "ಅವ್ಳಿಗೆ ಕಲ್ಸಿದ್ದು ನಾನು ಕಣ್ಲಾ. ತೆಪ್ಪು ನಂದು" ಎಂದು, ತಾನೇ ಹೋಗಿ ಯಜಮಾನರಿಗೆ ಎಲ್ಲವನ್ನೂ ಹೇಳಿದ. ನಾನು ಹೋಗಬೇಕಾಗಲಿಲ್ಲ.

"ರಾಗಿಯಾ?" ಎಂದು ಯಜಮಾನರು ಎರಡು ಸಲ ಕೇಳಿದರು. ಅಕ್ಕ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡರು. "ಹಂಗಾರೆ ನಾವ್ ಏಡಿಗೆ ಊಟ ಬಡ್ಸಿದ್ದಾ!"

ಅಂದಿನಿಂದ ಕೆಲಸ. ಬಲೆಯನ್ನೆಲ್ಲ ತುಂಡು ತುಂಡಾಗಿ ಬಿಚ್ಚಿ ಅಂಬಲಿ ತೆಗೆಯಬೇಕು. ಬರೀ ಬಿಸಿನೀರಿಗೆ ಅದು ಬಿಡುವುದಿಲ್ಲ. ತೆಂಗಿನ ಮಡಲು ಸುಟ್ಟ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಅದರಲ್ಲಿ ಕುದಿಸಬೇಕು. ಬೂದಿ ನೀರು ಬಲವಾದರೆ ನಾರು ಸುಡುತ್ತದೆ, ತೆಳುವಾದರೆ ಅಂಬಲಿ ಉಳಿಯುತ್ತದೆ. ನಾಲಗೆಯ ತುದಿಗಿಟ್ಟು ಹದ ನೋಡುವ ಕೆಲಸ ಮಾವನದಾಯಿತು. ಆ ವಾರವೆಲ್ಲ ಅವನ ನಾಲಗೆ ಬೆಂದು ಗಂಜಿಗೂ ಉಪ್ಪು ಬೇಡವೆನ್ನುತ್ತಿದ್ದ. ಕುದಿಸಿದ ಬಲೆಯನ್ನು ಇಳಿತದ ಸಪ್ಪೆ ನೀರಿನಲ್ಲೇ ಜಾಲಿಸಬೇಕಾದ್ದರಿಂದ ನಮ್ಮ ಹೊತ್ತುಗೊತ್ತು ಕಡಲಿನ ಕೈಯಲ್ಲಿತ್ತು. ಒಂದು ದಿನ ಬೆಳಿಗ್ಗೆ ಏಳಕ್ಕೆ ನೀರಿಗಿಳಿದರೆ ಮಾರನೆಯ ದಿನ ಎಂಟರ ಹತ್ತಿರ. ನಡುವೆ ಎರಡು ದಿನ ಬಿಡದೆ ಮಳೆ ಹೊಯ್ದು, ಒಣಗದ ಬಲೆ ಚಪ್ಪರದಡಿ ಮುಗ್ಗುಲು ನಾರಿತು. ಅದನ್ನು ಮತ್ತೆ ಕುದಿಸಿದೆವು.

ತೊಳೆದ ಬಲೆ ಚೊಗರು ಹೀರಿತು. ಅಕ್ಕ ಒಂದು ಎಳೆ ಕಡಿದು ನೋಡಿ ತಲೆಯಾಡಿಸಿದಾಗ, ಗೆದ್ದೆವೆಂದೇ ನಾನು ತಿಳಿದೆ. ಆದರೆ ಯಜಮಾನರು ಬಲೆಯ ನಡುಭಾಗವನ್ನು ಎತ್ತಿ ಹಿಡಿದು ನಿಂತಿದ್ದರು. ಆ ಬಲೆಗೆ ಎರಡು ಉದ್ದನೆಯ ರೆಕ್ಕೆ, ನಡುವೆ ಮೀನೆಲ್ಲ ಬಂದು ಸೇರುವ ಚೀಲ. ಎಳೆಯುವಾಗ ಭಾರವೆಲ್ಲ ಚೀಲದ ಮೇಲೆ. ಏಡಿ ಹೆಚ್ಚು ತಿಂದದ್ದೂ ಅದನ್ನೇ. ಹೊಸದಾಗಿ ಹೆಣೆಯಬೇಕು. ನಾವು ತಂದ ಹುರಿಯೆಲ್ಲ ಅಂಬಲಿ ಕುಡಿದದ್ದು. ತೊಳೆದರೆ ಹೊಸೆತ ಸಡಿಲ. ರೆಕ್ಕೆಗೆ ನಡೆದೀತು, ಚೀಲಕ್ಕೆ ನಡೆಯದು. ಊರಿಗೆ ಹೋಗಿ ಹೊಸ ಹುರಿ ಹೊಸೆದು ತರಲು ಒಂದು ತಿಂಗಳು ಬೇಕು. ಹಿಂದಿನ ಸಂಜೆಯೇ ತೆಂಗಿನ ಮರ ಹತ್ತಿ ನೋಡಿದವನು, ದೂರದಲ್ಲಿ ನೀರು ಕಪ್ಪಾಗಿದೆ, ಮೇಲೆ ಹಕ್ಕಿ ಇಳಿಯುತ್ತಿವೆ ಎಂದು ಹೇಳಿದ್ದ. ಬಂಗುಡೆ ಬರುತ್ತಿತ್ತು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆದರೆ ಮೂರನೆಯ ತುಂಡು ಎಲ್ಲಿಂದ ಬಂತೆಂದು ಚಪ್ಪರದಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಜಮಾನರು ಬಾಯಿ ತೆರೆದು ಮುಚ್ಚಿದರು. ಮಾವ ಥಟ್ಟನೆ, "ಅದೊಂದ ಕೇಳ್ಬ್ಯಾಡಿ ಬುದ್ದಿ. ಅದು ಮಾರಕ್ಕೆ ತಂದಿದ್ದಲ್ಲ" ಎಂದ.

ನಾನು ಎದ್ದು ದಡದ ಮೇಲೆ ಸ್ವಲ್ಪ ದೂರ ಹೋದೆ. ಬಟ್ಟೆಯ ಚೀಲ ಹೆಗಲಲ್ಲೇ ಇತ್ತು. ಇಪ್ಪತ್ತೆರಡು ಲಡಿ. ಒಂದೊಂದರ ತುದಿಯಲ್ಲೂ ಅವಳು ಹಾಕಿದ ಗಂಟು. ಕೊನೆ ಕೊನೆಯವುಗಳಲ್ಲಿ ಎಳೆ ಒಂದೇ ಸಮ ಇರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಜ್ವರ ಏರಿದ್ದು ಇಳಿದದ್ದು ಬೆರಳಿಗೆ ತಿಳಿಯುತ್ತಿತ್ತು. ಇವನ್ನು ಮನೆಯ ತೊಲೆಗೆ ತೂಗುಹಾಕಿಕೊಂಡು ವರ್ಷಗಟ್ಟಲೆ ನೋಡಬಹುದು ಎಂದುಕೊಂಡಿದ್ದೆ. ಆದರೆ ಅವಳು ಇವನ್ನು ಯಾಕೆ ಹೊಸೆದಳು? ಮಲಗಿಕೋ ಎಂದು ನಾನು ಗದರಿದಾಗ, "ಆ ಕಡ್ಲ ದಂಡೆಯೋರು ಕಾಯ್ತಾ ಅವ್ರೆ, ಬುಡು" ಎಂದಿದ್ದಳು. ನನಗಾಗಿ ಹೊಸೆದದ್ದಲ್ಲ. ಬಲೆಗೆ ಎಂದು ಹೊಸೆದದ್ದು. ಅದನ್ನು ತೊಲೆಗೆ ಕಟ್ಟುವುದಕ್ಕೆ ನಾನು ಯಾರು?

ಹಿಂತಿರುಗಿ ಬಂದು ಚೀಲವನ್ನು ಅಕ್ಕನ ಮುಂದೆ ಬಗ್ಗಿಸಿದೆ. ಮಾವ ಮುಖ ತಿರುಗಿಸಿದ, ಬೇಡ ಎನ್ನಲಿಲ್ಲ.

ಎರಡು ದಿನ ಬಲೆಯ ಚೀಲ ಹೆಣೆದರು. ಒಂದು ಲಡಿಯನ್ನು ನಾನು ಎರಡು ಮೊಣಕಾಲಿಗೆ ಹಾಕಿಕೊಂಡು ಕೂತರೆ, ಅಕ್ಕ ಎದುರು ಕೂತು ಹೆಣೆಯುವ ಬಿದಿರ ಸೂಜಿಗೆ ಅದನ್ನು ಸುತ್ತಿಕೊಳ್ಳುತ್ತಿದ್ದರು. ಅವಳ ಗಂಟುಗಳನ್ನು ನಾನೇ ಬಿಚ್ಚಿದೆ. ಒಂಬತ್ತನೆಯದೋ ಹತ್ತನೆಯದೋ ಲಡಿ ಸುತ್ತುವಾಗ ಅಕ್ಕ, "ಇಲ್ಲ್ ಎಳೆ ಸಣ್ಣ ಆಯ್ತ್. ಹುಷಾರಿರ್ಲಿಲ್ಯಾ ಅವ್ರಿಗೆ?" ಎಂದರು.

"ಅವಳಿಲ್ಲ ಅಕ್ಕ" ಎಂದೆ. "ಆಷಾಢದಲ್ಲಿ ಹೋದಳು."

ಅವರ ಕೈ ನಿಲ್ಲಲಿಲ್ಲ. ಸುತ್ತುವುದು ಸ್ವಲ್ಪ ನಿಧಾನವಾಯಿತು, ಅಷ್ಟೆ. ಆ ಲಡಿ ಮುಗಿದ ಮೇಲೆ, "ಸಣ್ಣ ಇದ್ದಲ್ಲ್ ಎರಡ್ ಎಳಿ ಹಾಕ್ತೆ. ಕಡಿಯೂದಿಲ್ಲ" ಎಂದರು. ಹಾಗೆಯೇ ಮಾಡಿದರು. ಮೂರು ಲಡಿ ಉಳಿಯಬಹುದೆಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಎರಡೆಳೆ ಹಾಕಿದ್ದರಿಂದ ಏನೂ ಉಳಿಯಲಿಲ್ಲ.

ಚೊಗರಿನಲ್ಲಿ ಎರಡು ಸಲ ಅದ್ದಿ ಒಣಗಿಸಿದ ಮೇಲೆ ಚೀಲವೂ ರೆಕ್ಕೆಗಳೂ ಒಂದೇ ಬಣ್ಣವಾದವು. ಕಟ್ಟಿ ಮುಗಿಸಿದ ದಿನ ಮಧ್ಯಾಹ್ನವೇ ಮರದ ಮೇಲಿಂದ ಕೂಗು ಬಂತು. ಬಂಗುಡೆಯ ಹಿಂಡು ಅಳಿವೆಯ ಬಾಯಿಗೆ ಬಂದಿತ್ತು. ದೋಣಿ ಬಲೆಯನ್ನು ಅರ್ಧಚಂದ್ರವಾಗಿ ಬಿಡುತ್ತ ಸುತ್ತು ಹಾಕಿ ಬಂತು. ಎರಡು ತುದಿಯ ಹಗ್ಗಗಳನ್ನು ದಡದಿಂದ ಎಳೆಯಬೇಕು. ಗಂಡಸರು ಹೆಂಗಸರು ಎಲ್ಲ ಸಾಲಾಗಿ ನಿಂತರು. ಮಾವ ಪಂಚೆ ಎತ್ತಿ ಕಟ್ಟಿ ಸಾಲಿನ ನಡುವೆ ಸೇರಿಕೊಂಡ.

"ಹೊಯ್ ಅಜ್ಜಾ, ಇದ್ ಎತ್ತ್ ಅಲ್ಲ, ಹಿಂದ್ ಹಿಂದ್ ಹೋಯ್ಕ್!" ಎಂದು ಯಾರೋ ಕೂಗಿದರು.

"ನಮ್ಮೆತ್ತು ನಿಮ್ಗಿಂತ ಚೆಂದಾಗಿ ಎಳೀತದೆ ಕಣ್ರಪ್ಪಾ, ಮಾತ್ ಬುಟ್ಟು ಎಳೀರಿ!"

ನಾನು ಇನ್ನೊಂದು ಹಗ್ಗದಲ್ಲಿದ್ದೆ. ರೆಕ್ಕೆಗಳು ದಡಕ್ಕೆ ಬಂದವು, ಅಲ್ಲಲ್ಲಿ ಹರಿದಿದ್ದವು. ಆಮೇಲೆ ಹಗ್ಗ ಅಲುಗಲೇ ಇಲ್ಲ. ಚೀಲ ತುಂಬಿ ಮರಳಿಗೆ ಕೂತಿತ್ತು. ಆ ನಿಂತ ಹಗ್ಗವನ್ನು ಹಿಡಿದುಕೊಂಡು, ಈಗ ಕಡಿಯುತ್ತದೆ, ಈಗ ಕಡಿಯುತ್ತದೆ ಎಂದು ಕಾದೆ. ಯಜಮಾನರು ಎದೆಮಟ್ಟದ ನೀರಿಗಿಳಿದು ಚೀಲದ ಕೆಳಗೆ ತೋಳು ಕೊಟ್ಟರು. ಒಂದು ಅಲೆ ಬಂದು ಎತ್ತಿತು. ಆ ಅಲೆಯ ಜೊತೆಯಲ್ಲೇ ಎಲ್ಲರೂ ಎಳೆದೆವು. ಚೀಲ ಇಡಿಯಾಗಿ ದಡದ ಮೇಲೆ ಬಂದು ಬಿತ್ತು. ಒಳಗೆ ಬಂಗುಡೆಗಳು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತಿದ್ದವು. ಬಗ್ಗಿ ನೋಡಿದೆ. ಚೀಲದ ಒಂದು ಕಣ್ಣೂ ಕಡಿದಿರಲಿಲ್ಲ.

ಹೊಸ ಬಲೆ ಮೊದಲ ಸಲ ಮೀನು ತಂದ ದಿನ, ಎಳೆದವರ ಪಾಲಿಗೂ ದೋಣಿಯ ಪಾಲಿಗೂ ಮೊದಲು ಬಲೆ ಮಾಡಿದವರ ಪಾಲು ತೆಗೆಯುವುದು ಅಲ್ಲಿನ ಪದ್ಧತಿ. ಅಕ್ಕ ರಾಶಿಯ ಪಕ್ಕ ನಿಂತು ಒಬ್ಬೊಬ್ಬರ ಹೆಸರನ್ನೂ ಕಡಲಿಗೂ ಕೇಳುವ ಹಾಗೆ ಕೂಗುತ್ತಾರೆ. ಹೆಸರಿನವರು "ಹೋ" ಎಂದು ಉತ್ತರ ಕೊಟ್ಟು ಮುಂದೆ ಬಂದು ಬುಟ್ಟಿ ಒಡ್ಡಬೇಕು. ಉತ್ತರ ಬಾರದ ಪಾಲನ್ನು ರಾಶಿಗೇ ಹಾಕುತ್ತಾರೆ. ಹದಿನೆಂಟು ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹೋದರು. ಚಕ್ಕೆ ಕುದಿಸಿದವನು ಬಂದ. ನಾನು ದೂರ ನಿಂತು ನೋಡುತ್ತಿದ್ದೆ. ಅಕ್ಕ ನನ್ನನ್ನು ಕೈಮಾಡಿ ಹತ್ತಿರ ಕರೆದರು.

"ಹುರಿ ಹೊಸ್ದವ್ರ ಪಾಲ್ ಉಳೀತ್. ಹೆಸ್ರ್ ಹೇಳಿ."

ಆಷಾಢದಿಂದ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳು ಎಂದೇ ಅನ್ನುತ್ತಿದ್ದೆವು. ಹೇಳಿದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಬಂತು. ಅಕ್ಕ ಇನ್ನೊಮ್ಮೆ ಕೇಳಿ ತಿಳಿದುಕೊಂಡು, ರಾಶಿಯಿಂದ ದೊಡ್ಡ ದೊಡ್ಡ ಮೀನು ನೋಡಿ ಆರಿಸಿ ಬೇರೆ ಇಟ್ಟರು. ಆಮೇಲೆ ನೆಟ್ಟಗೆ ನಿಂತು, ಉಳಿದೆಲ್ಲ ಹೆಸರುಗಳನ್ನು ಕೂಗಿದ ದನಿಯಲ್ಲೇ ಕೂಗಿದರು.

"ಲಕ್ಕಮ್ಮಾ..."

ದಡದ ಮೇಲೆ ಯಾರೂ ಮಿಸುಕಲಿಲ್ಲ. ಉತ್ತರ ಕೊಡಬೇಕಾದವನು ನಾನೇ ಎಂದು ಗೊತ್ತಿದ್ದರೂ ದನಿ ಹೊರಡಲಿಲ್ಲ. ಒಂದು ಅಲೆ ಬಂದು ಹೋಯಿತು. ಅಕ್ಕ ಮೀನು ತುಂಬಿದ ಬುಟ್ಟಿಯನ್ನು ರಾಶಿಯ ಕಡೆಗೆ ತಿರುಗಿಸಲಿಲ್ಲ. ಹಿಡಿದುಕೊಂಡೇ ನಿಂತರು.

ಆಗ ನನ್ನ ಹಿಂದಿನಿಂದ, ನಮ್ಮೂರಿನಲ್ಲಿ ಬಾಗಿಲಿಗೆ ಬಂದವರು ಹೆಸರು ಹಿಡಿದು ಕರೆದರೆ ಒಳಮನೆಯಿಂದ ಕೊಡುವ ಹಾಗೆ, "ಓ" ಎಂದು ಮಾವ ಉತ್ತರ ಕೊಟ್ಟ. ಹೆಗಲ ಮೇಲಿನ ವಸ್ತ್ರವನ್ನು ತೆಗೆದು, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದುಕೊಂಡು, ಅಕ್ಕನ ಮುಂದೆ ಹೋಗಿ ನಿಂತ.